ಪಿಕಪ್ ಹಿಂದೆ ಕೂರಿಸುವ ಕ್ಯಾಂಪರ್: ನಮ್ಮ ಮಳೆಗೆ, ಉಪ್ಪುಗಾಳಿಗೆ ಹೇಗೆ ಕಟ್ಟುವುದು?

ಕಾಪು_ಪಿಕಪ್

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಬೊಲೆರೊ ಪಿಕಪ್ ಉಂಟು. ತೆಂಗಿನಕಾಯಿ ಸಾಗಿಸಲಿಕ್ಕೆ ತೆಗೆದುಕೊಂಡದ್ದು, ಹಳದಿ ಬೋರ್ಡ್. ಬಾಡಿಗೆ ಇಲ್ಲದ ದಿನ ಸುಮ್ನೆ ಅಂಗಳದಲ್ಲಿ ನಿಂತಿರುತ್ತದೆ. ಅದರ ಹಿಂದೆ ಎತ್ತಿ ಕೂರಿಸಿ, ಬೇಡ ಅಂದಾಗ ಇಳಿಸಿಡುವ ಹಾಗೆ ಒಂದು ಕ್ಯಾಂಪರ್ (ಪ್ರವಾಸದಲ್ಲಿ ಉಳಿಯುವ ಪೆಟ್ಟಿಗೆಮನೆ) ಕಟ್ಟಬೇಕು ಅಂತ ಆಸೆ. ಇಬ್ಬರಿಗೆ ಮಲಗಲು ಜಾಗ, ಒಂದು ಒಲೆ, ಸ್ವಲ್ಪ ನೀರು, ಒಂದು ಫ್ಯಾನ್. ಅಷ್ಟು ಸಾಕು.

ಅಮೆರಿಕದವರು ಮನೆಯಲ್ಲೇ ಕಟ್ಟುವ ಪ್ಲಾನುಗಳನ್ನು ನೋಡುತ್ತಾ ಇದ್ದೇನೆ. ಹೆಚ್ಚಿನವು ಒಂದೇ ರೀತಿ. ಮರದ ರೀಪಿನ ಫ್ರೇಮ್, ಒಳಗೆ ತೆಳು ಪ್ಲೈವುಡ್, ನಡುವೆ ಥರ್ಮಾಕೋಲ್, ಹೊರಗೆ ಅಲ್ಯೂಮಿನಿಯಂ ಶೀಟ್. ನಮ್ಮಲ್ಲಿ ಬಡಗಿಯೂ ಸಿಗುತ್ತಾರೆ, ಫ್ಯಾಬ್ರಿಕೇಶನ್‌ನವರೂ ಸಿಗುತ್ತಾರೆ. ಹೀಗೇ ಕಟ್ಟಿದರೆ ನಮ್ಮ ಕರಾವಳಿಯ ಮಳೆಯಲ್ಲಿ ಬಾಳಿಕೆ ಬರುತ್ತದಾ? ಆರ್‌ಟಿಒ ತೊಂದರೆ ಏನಾದರೂ ಉಂಟಾ? ಗೊತ್ತಿದ್ದವರು ಹೇಳಿ.

ಮಲ್ಪೆ_ಫೈಬರ್

ಆಸೆ ಒಳ್ಳೇದು. ಆದರೆ ಆ ಪ್ಲಾನ್ ನಮ್ಮ ಊರಿಗೆ ಆಗುವುದಿಲ್ಲ ಮಾರಾಯ್ರೆ. ನಾನು ಮಲ್ಪೆಯಲ್ಲಿ ಫೈಬರ್ ಕೆಲಸದವನು. ದೋಣಿ, ಮೀನಿನ ಬಾಕ್ಸ್, ಮೀನು ಸಾಗಿಸುವ ಗಾಡಿಯ ಇನ್ಸುಲೇಟೆಡ್ ಬಾಡಿ, ಎಲ್ಲ ಮಾಡುತ್ತೇವೆ.

ಫ್ರೇಮ್ ಮಾಡಿ ಶೀಟ್ ಹೊಡೆದ ಗೋಡೆಯಲ್ಲಿ ಸ್ಕ್ರೂ ತೂತುಗಳೇ ನೂರಾರು. ಮೂಲೆ ಮೂಲೆಯಲ್ಲೂ ಸಂದು. ಒಣ ಹವೆಯ ಊರಿನಲ್ಲಿ ನಾಲ್ಕು ಹನಿ ಒಳಗೆ ಹೋದರೂ ಆಮೇಲೆ ಒಣಗುತ್ತದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗೋಡೆಯ ಒಳಗೆ ಹೋದ ನೀರಿಗೆ ಒಣಗಲು ಸಮಯವೇ ಸಿಗುವುದಿಲ್ಲ. ಮರ ಒಳಗಿಂದಲೇ ಕೊಳೆತು ಕುಂಬಾಗುತ್ತದೆ, ಹೊರಗೆ ಶೀಟ್ ಮಾತ್ರ ಫಳಫಳ ಹೊಳೆಯುತ್ತಾ ಇರುತ್ತದೆ. ಅಲ್ಯೂಮಿನಿಯಂಗೆ ಕಬ್ಬಿಣದ ಸ್ಕ್ರೂ ಹಾಕಿ ಕಡಲ ಹತ್ತಿರ ಇಟ್ಟರಂತೂ ಮುಗಿಯಿತು. ಎರಡು ಲೋಹ, ನಡುವೆ ಉಪ್ಪುನೀರು. ಸ್ಕ್ರೂ ತಲೆಯ ಸುತ್ತ ಶೀಟ್ ಬಿಳಿ ಪುಡಿಯಾಗಿ ಉದುರುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೂ ಶೀಟ್ ಉಳಿಯುವುದಿಲ್ಲ, ಸ್ಕ್ರೂ ಮಾತ್ರ ಉಳಿಯುತ್ತದೆ.

ಮಲ್ಪೆ ಬಂದರಿಗೆ ಬಂದು ಮೀನಿನ ಗಾಡಿಯ ಬಾಡಿಯನ್ನು ಒಮ್ಮೆ ಸರಿಯಾಗಿ ನೋಡಿ. ನಡುವೆ ಪಿಯು (ಪಾಲಿಯುರೆಥೇನ್) ಫೋಮ್, ಒಳಗೂ ಹೊರಗೂ ಫೈಬರ್ ಚರ್ಮ, ಮೂಲೆಗಳೆಲ್ಲ ದುಂಡಗೆ, ಸಂದೇ ಇಲ್ಲ. ಒಳಗೆ ಐಸ್ ನೀರು, ಹೊರಗೆ ಉಪ್ಪುಗಾಳಿ, ದಿನಾ ಪೈಪ್ ಹಿಡಿದು ತೊಳೆಯುತ್ತಾರೆ. ಆದರೂ ವರ್ಷಗಟ್ಟಲೆ ಬಾಳುತ್ತದೆ. ನಿಮಗೆ ಬೇಕಾದದ್ದು ಅದೇ. ಅದಕ್ಕೆ ಒಂದು ಬಾಗಿಲು, ಎರಡು ಕಿಟಕಿ ಇಡಿ.

ಭಾರವೂ ಕಡಿಮೆ. 450 ಗ್ರಾಮಿನ ಗಾಜುನಾರಿನ ಮ್ಯಾಟ್ ಒಂದು ಪದರ ಹಾಕಿದರೆ ಅದಕ್ಕೆ ಕುಡಿಸುವ ಅಂಟು, ಅಂದರೆ ರೆಸಿನ್ ಸೇರಿ ಚದರ ಮೀಟರಿಗೆ ಸುಮಾರು ಒಂದೂವರೆ ಕೆಜಿ. ಹೊರಗೆ ಎರಡು ಪದರ, ಒಳಗೆ ಒಂದು, ನಡುವೆ 25 ಮಿಮೀ ಫೋಮ್. ಫೋಮ್ ಒಂದು ಕೆಜಿ ಅಂತ ಇಟ್ಟುಕೊಳ್ಳಿ. ಒಟ್ಟು ಐದೂವರೆಯಿಂದ ಆರು ಕೆಜಿ. 12 ಮಿಮೀ ಪ್ಲೈವುಡ್ ಒಂದೇ ಎಂಟು ಕೆಜಿ ತೂಗುತ್ತದೆ. ಫ್ರೇಮ್, ಶೀಟ್, ಸ್ಕ್ರೂ ಎಲ್ಲ ಅದರ ಮೇಲೆ. ನಿಮ್ಮ ಗಾಡಿಯ ಅಳತೆಗೆ ಗೋಡೆ, ಮಾಡು (ಛಾವಣಿ), ನೆಲ ಎಲ್ಲ ಸೇರಿ 23 ಚದರ ಮೀಟರ್ ಆಗಬಹುದು. ಬರೀ ಪೆಟ್ಟಿಗೆ 140 ಕೆಜಿ ಒಳಗೆ ಮುಗಿಯುತ್ತದೆ.

ಸುರತ್ಕಲ್_ಸವಾರ

ಥರ್ಮಾಕೋಲ್ ಅಗ್ಗ ಅಲ್ವಾ ಅಣ್ಣ? ಪಿಯು ಫೋಮೇ ಯಾಕೆ?

ಮಲ್ಪೆ_ಫೈಬರ್

ಒಂದು ತುಂಡು ಥರ್ಮಾಕೋಲ್ ಮೇಲೆ ಒಂದು ಚಮಚ ಪಾಲಿಯೆಸ್ಟರ್ ರೆಸಿನ್ ಹಾಕಿ ನೋಡಿ. ಕಣ್ಣೆದುರೇ ಕುಸಿದು, ಗುಳಿ ಬಿದ್ದು, ಅಂಟಾಗುತ್ತದೆ. ರೆಸಿನ್‌ನಲ್ಲಿರುವ ಸ್ಟೈರೀನ್ ಅದನ್ನು ಕರಗಿಸುತ್ತದೆ. ಅಂಗಡಿಯಲ್ಲಿ ಸಿಗುವ ನೀಲಿ, ಗುಲಾಬಿ ಬಣ್ಣದ ಎಕ್ಸ್‌ಪಿಎಸ್ ಫೋಮ್ ಬೋರ್ಡಿನ ಕತೆಯೂ ಅದೇ. ಎಪಾಕ್ಸಿ ರೆಸಿನ್ ಆದರೆ ಕರಗಿಸುವುದಿಲ್ಲ, ಆದರೆ ಅದರ ರೇಟು ಬಹಳ ಜಾಸ್ತಿ. ಪಿಯು ಫೋಮ್‌ಗೆ ಪಾಲಿಯೆಸ್ಟರ್ ಏನೂ ಮಾಡುವುದಿಲ್ಲ.

ಇನ್ನೊಂದು ಮಾತು, ಇದು ಜೀವದ ವಿಷಯ. ರೆಸಿನ್‌ಗೆ ಕೋಬಾಲ್ಟ್ ಮತ್ತು ಹಾರ್ಡ್‌ನರ್ ಅಂತ ಎರಡು ಹಾಕುತ್ತೇವೆ, ಅದು ಗಟ್ಟಿಯಾಗಲಿಕ್ಕೆ. ಮೊದಲು ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಬೇಕು. ಹಾರ್ಡ್‌ನರ್ ಆಮೇಲೆ, ನೂರಕ್ಕೆ ಒಂದರಿಂದ ಎರಡು ಪಾಲು. ಅವೆರಡನ್ನೂ ನೇರವಾಗಿ ಸೇರಿಸಬಾರದು. ಬೆಂಕಿ ಹತ್ತುತ್ತದೆ, ಸಿಡಿಯುತ್ತದೆ. ಎರಡಕ್ಕೂ ಒಂದೇ ಅಳತೆ ಗ್ಲಾಸ್ ಬಳಸಬೇಡಿ. ಹಾರ್ಡ್‌ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕದೆ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಬೈಕಂಪಾಡಿ_ಬಾಡಿ

ನಾನು ಲಾರಿ ಬಾಡಿ ಕಟ್ಟುವವನು. ಪೆಟ್ಟಿಗೆ ವಿಷಯದಲ್ಲಿ ಮಲ್ಪೆಯವರು ಹೇಳಿದ್ದೇ ಸರಿ. ಅದನ್ನು ಗಾಡಿಯ ಮೇಲೆ ಕೂರಿಸುವ ಬಗ್ಗೆ ನಾನು ಹೇಳುತ್ತೇನೆ.

ಬೊಲೆರೊ ಪಿಕಪ್ ಟನ್ನಿನ ಮೇಲೆ ಹೊರುವ ಗಾಡಿ. ಆದ್ದರಿಂದ ನಿಮಗೆ ಒಟ್ಟು ಭಾರದ ಚಿಂತೆ ಇಲ್ಲ. ಚಿಂತೆ ಇರುವುದು ಭಾರ ಎಲ್ಲಿ ಕೂರುತ್ತದೆ ಎನ್ನುವುದರಲ್ಲಿ. ಕ್ಯಾಂಪರಿನ ಭಾರದ ನಡು ಹಿಂದಿನ ಆಕ್ಸಲ್‌ಗಿಂತ ಮುಂದೆಯೇ ಇರಬೇಕು. ಹಿಂದೆ ಹೋದರೆ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಸ್ಟಿಯರಿಂಗ್ ಹಗುರಾಗುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಮಳೆ ಬರುವಾಗ ಹಾಗಾದರೆ ಗೊತ್ತಲ್ಲ? ನೀರಿನ ಟ್ಯಾಂಕ್, ಬ್ಯಾಟರಿ ಎರಡನ್ನೂ ಕ್ಯಾಬಿನ್ ಬದಿಗೆ, ನೆಲಮಟ್ಟದಲ್ಲಿ ಇಡಿ. 50 ಲೀಟರ್ ನೀರು ಅಂದರೆ 50 ಕೆಜಿ.

ಕ್ಯಾಬಿನ್ ಮೇಲೆ ಚಾಚಿಕೊಂಡ ಮೂಗು ಬೇಡ. ಅಮೆರಿಕದವರ ಕ್ಯಾಂಪರಿನಲ್ಲಿ ಹಾಸಿಗೆ ಇರುವುದು ಅಲ್ಲಿಯೇ. ಅವರು ಬಳಸುವ ಡಬಲ್ ಕ್ಯಾಬಿನ್ ಪಿಕಪ್‌ಗಳ ಬೆಡ್ (ಲೋಡ್ ಹಾಕುವ ಜಾಗ) ಗಿಡ್ಡ, ಅವರಿಗೆ ಬೇರೆ ದಾರಿ ಇಲ್ಲ. ನಿಮ್ಮದು ಸಿಂಗಲ್ ಕ್ಯಾಬಿನ್ ಅಲ್ವಾ? ಬೆಡ್ ಸುಮಾರು 8 ಅಡಿ ಇರುತ್ತದೆ. ಉದ್ದಕ್ಕೆ ಆರಾಮವಾಗಿ ಮಲಗಬಹುದು. ಮೂಗು ಇಲ್ಲದಿದ್ದರೆ ಎತ್ತರ ಕಡಿಮೆ, ಗಾಳಿಯ ಹೊಡೆತ ಕಡಿಮೆ, ಸೋರುವ ಮೂಲೆಯೂ ಕಡಿಮೆ.

ಕಟ್ಟುವುದಕ್ಕೆ ಬಾಡಿ ಬದಿಯ ಹಗ್ಗದ ಕೊಕ್ಕೆಗಳನ್ನು ನಂಬಬೇಡಿ. ಬೆಡ್ ಅಡಿಯಲ್ಲಿ ಅಡ್ಡ ಮೆಂಬರ್‌ಗಳು ಇರುತ್ತವೆ. ಅವಕ್ಕೆ ಯು-ಬೋಲ್ಟ್ ಹಾಕಿ ನಾಲ್ಕು ಐ-ಹುಕ್ ಕೂರಿಸಿ. ಅಲ್ಲಿಂದ ಕ್ಯಾಂಪರಿನ ನಾಲ್ಕು ಮೂಲೆಗೆ ತಿರುಗಿಸಿ ಬಿಗಿ ಮಾಡುವ ಟರ್ನ್‌ಬಕಲ್. ಚಾಸಿಗೆ ತೂತು ಹೊಡೆಯುವುದು, ವೆಲ್ಡ್ ಮಾಡುವುದು ಯಾವ ಕಾರಣಕ್ಕೂ ಬೇಡ. ಬಿರುಕು ಶುರುವಾಗುವುದೇ ಅಲ್ಲಿಂದ. ಪೆಟ್ಟಿಗೆಯ ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಜಾರುವುದಿಲ್ಲ. ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಟರ್ನ್‌ಬಕಲ್ ಮತ್ತೊಮ್ಮೆ ಬಿಗಿ ಮಾಡಿ.

ಎಲ್ಲ ತುಂಬಿಸಿ, ನೀರು ಹಾಕಿ, ಜನ ಕೂತು, ವೇ-ಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿ. ಆಮೇಲೆ ಪೂರ್ತಿ ಗಾಡಿ. ಕಳೆದರೆ ಹಿಂದಿನ ಆಕ್ಸಲ್ ಲೆಕ್ಕ ಸಿಗುತ್ತದೆ. ಚೀಟಿ ಗಾಡಿಯಲ್ಲೇ ಇರಲಿ.

ಸ್ಪ್ರಿಂಗ್‌ಗೆ ಒಂದು ಪ್ಲೇಟ್ ಜಾಸ್ತಿ ಹಾಕಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪ್ಲೇಟ್ ಹಾಕಿದ ಮಾತ್ರಕ್ಕೆ ಬ್ರೇಕ್ ದೊಡ್ಡದಾಗುವುದಿಲ್ಲ.

ಮಣಿಪಾಲ_ವಕೀಲ

ಕಾನೂನು ಕೇಳಿದ್ದೀರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಅನ್ನು ಹೊಸದಾಗಿ ಬರೆದರು. ಅನುಮತಿ ಇಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಬಾಡಿಯನ್ನೇ ತೆಗೆದು ಕ್ಯಾಂಪರನ್ನು ಶಾಶ್ವತವಾಗಿ ಜೋಡಿಸಿದರೆ ಅದು ಮೋಟಾರ್ ಕಾರವಾನ್ ಆಗುತ್ತದೆ. ಅದಕ್ಕೆ ಎಐಎಸ್-124 ಅಂತ ಬೇರೆಯೇ ಮಾನದಂಡ ಇದೆ, ಟೆಸ್ಟಿಂಗ್ ಏಜೆನ್ಸಿಯ ಒಪ್ಪಿಗೆ ಬೇಕು. ಮನೆಯಲ್ಲಿ ಕಟ್ಟುವವರಿಗೆ ಅದು ದೂರದ ಮಾತು.

ಹಾಗಾಗಿ ನೀವು ಹೇಳಿದ ಹಾಗೆ ಎತ್ತಿ ಇಳಿಸುವ ರೀತಿಯೇ ಒಳ್ಳೇದು. ಬೆಡ್ ಹಾಗೇ ಇರಲಿ, ಡಾಲ (ಬೆಡ್ಡಿನ ಮಡಚುವ ಹಲಗೆ) ಹಾಗೇ ಇರಲಿ, ಗಾಡಿಯ ವಯರಿಂಗ್ ಕತ್ತರಿಸಬೇಡಿ. ಬಾಡಿಯ ಅಗಲಕ್ಕಿಂತ ಹೊರಗೆ ಚಾಚಬಾರದು. ಲೋಡ್ ಬದಿಗೆ ಅಥವಾ ಹಿಂದಕ್ಕೆ ಮಿತಿ ಮೀರಿ ಚಾಚಿದರೆ 194ನೇ ಸೆಕ್ಷನ್ನಿನಲ್ಲಿ 20,000 ರೂಪಾಯಿ ದಂಡ ಇದೆ. ನಂಬರ್ ಪ್ಲೇಟ್, ಹಿಂದಿನ ಲೈಟ್ ಮುಚ್ಚಬಾರದು. ಕಟ್ಟುವ ಮೊದಲೇ ಒಂದು ಚಿತ್ರ, ಅಳತೆ, ಅಂದಾಜು ತೂಕ ಬರೆದುಕೊಂಡು ಉಡುಪಿ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಗಾಡಿ ಓಡುವಾಗ ಹಿಂದೆ ಯಾರೂ ಇರಬಾರದು. ಮಕ್ಕಳು ಮಲಗಿದ್ದಾರೆ, ಎಬ್ಬಿಸುವುದು ಬೇಡ ಅಂತ ಹೊರಡುವವರು ಇದ್ದಾರೆ. ಗೂಡ್ಸ್ ಗಾಡಿಯ ಹಿಂದೆ ಜನ ಇದ್ದು ಏನಾದರೂ ಆದರೆ ಇನ್ಶೂರೆನ್ಸ್ ಕೈಬಿಡುತ್ತದೆ. ದುಡ್ಡಿನ ಮಾತು ಬಿಡಿ, ಅಲ್ಲಿ ಸೀಟ್ ಬೆಲ್ಟೇ ಇಲ್ಲವಲ್ಲ.

ಸುಳ್ಯ_ತೋಟ

ಹಳೆಯ ಮೀನಿನ ಗಾಡಿಯ ಬಾಡಿಯನ್ನೇ ತಂದು ಹಾಕಿದರೆ ಆಗುವುದಿಲ್ಲವಾ? ಗುಜರಿಯಲ್ಲಿ ಕಡಿಮೆಗೆ ಸಿಗಬಹುದು.

ಮಲ್ಪೆ_ಫೈಬರ್

ನೋಡಿ ತೆಗೆದುಕೊಂಡರೆ ಆಗುತ್ತದೆ. ಒಂದು ನಾಣ್ಯ ಹಿಡಿದುಕೊಂಡು ಗೋಡೆ, ನೆಲ ಎಲ್ಲ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅಂತ ಚುರುಕಾದ ಸದ್ದು. ಫೋಮ್‌ನಿಂದ ಫೈಬರ್ ಬಿಟ್ಟಿದ್ದರೆ, ಒಳಗೆ ನೀರು ಕುಡಿದಿದ್ದರೆ ಡಬ್ ಅಂತ ಸತ್ತ ಸದ್ದು. ನೆಲದಲ್ಲಿ ಅದೇ ಜಾಸ್ತಿ, ಯಾಕೆಂದರೆ ಬಾಕ್ಸ್ ಎಳೆದು ಎಳೆದು ಅಲ್ಲೇ ಬಿರುಕು ಬಿಡುವುದು. ಅನುಮಾನ ಇದ್ದಲ್ಲಿ ಸಣ್ಣ ತೂತು ಹೊಡೆಯಿರಿ. ಕಂದು ನೀರು ಬಂದರೆ ಬಿಟ್ಟು ಬನ್ನಿ. ಮೀನಿನ ವಾಸನೆ ಚರ್ಮದಲ್ಲಿ ಇರುವುದಿಲ್ಲ, ತೊಳೆದರೆ ಹೋಗುತ್ತದೆ. ಫೋಮ್ ಒಳಗೆ ಇಳಿದ ವಾಸನೆ ಮಾತ್ರ ಯಾವ ಸೋಪಿಗೂ ಹೋಗುವುದಿಲ್ಲ.

ಭಾರವನ್ನೂ ನೋಡಿ. ಮೀನಿನ ಗಾಡಿಗೆ ಐಸ್ ಉಳಿಯಬೇಕು ಅಂತ ದಪ್ಪ ಫೋಮ್, ದಪ್ಪ ಫೈಬರ್ ಹಾಕುತ್ತೇವೆ. ನಿಮಗೆ ಅಷ್ಟು ಬೇಡ.

ಕದ್ರಿ_ಟೀಚರ್

ಫಿಸಿಕ್ಸ್ ಪಾಠ ಮಾಡುತ್ತೇನೆ. ನಮ್ಮದು ಬಿಳಿ ಬೋರ್ಡಿನ ಡಬಲ್ ಕ್ಯಾಬಿನ್ ಪಿಕಪ್. ಅದರ ಮೇಲೆ ಒಬ್ಬರಿಂದ ಕೊಂಡ ಹಳೆಯ ಕ್ಯಾಂಪರ್ ಇದೆ. ಬೇರೆ ಊರಿನ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು, ಮರದ ಫ್ರೇಮ್‌ಗೆ ಅಲ್ಯೂಮಿನಿಯಂ ಶೀಟ್. ಹೊಸದು ಕಟ್ಟುವವರು ಮಲ್ಪೆಯವರ ದಾರಿಯಲ್ಲೇ ಹೋಗಿ. ಈಗಾಗಲೇ ಇಂಥದ್ದು ಇರುವವರಿಗೆ ರಿಪೇರಿ ಬಗ್ಗೆ ಬರೆಯುತ್ತೇನೆ.

ಎಡಬದಿಯ ಕೆಳಮೂಲೆಯಲ್ಲಿ ಪ್ರತಿ ಮಳೆಗೂ ಒದ್ದೆ ಕಲೆ. ಮೊದಲಿದ್ದವರು ಅಲ್ಲಿ ಪದರ ಪದರವಾಗಿ ಸಿಲಿಕೋನ್ ತುಂಬಿದ್ದರು. ಆದರೆ ಕಲೆ ಕಾಣುವ ಜಾಗವೇ ನೀರು ನುಗ್ಗುವ ಜಾಗ ಆಗಿರಬೇಕಾಗಿಲ್ಲ. ನೀರು ಒಳಗಿನ ರೀಪಿನ ಮೇಲೆ ಹರಿದು ಎಲ್ಲೋ ಹೋಗಿ ಇಳಿಯುತ್ತದೆ. ಪೈಪ್ ಹಿಡಿದು ಹೊರಗಿಂದ ನೀರು ಬಿಟ್ಟರೆ ಇದು ಗೊತ್ತಾಗುವುದಿಲ್ಲ. ಉಲ್ಟಾ ಮಾಡಬೇಕು. ಕಿಟಕಿ, ಬಾಗಿಲು ಎಲ್ಲ ಹಾಕಿ, ಒಂದು ಕಿಟಕಿಗೆ ರಟ್ಟು ಕತ್ತರಿಸಿ, ಅದರಲ್ಲಿ ಬ್ಲೋವರ್ ಕೂರಿಸಿ ಒಳಗೆ ಗಾಳಿ ತುಂಬಿಸಿ. ಒಳಗಿನ ಒತ್ತಡ ಹೊರಗಿಗಿಂತ ಸ್ವಲ್ಪ ಜಾಸ್ತಿಯಾದರೆ ಸಾಕು. ಆಮೇಲೆ ಹೊರಗೆ ಪ್ರತಿ ಸಂದಿಗೂ ಬ್ರಷ್‌ನಲ್ಲಿ ಸೋಪಿನ ನೀರು ಹಚ್ಚುತ್ತಾ ಬನ್ನಿ.

ನಮ್ಮದರಲ್ಲಿ ಗುಳ್ಳೆ ಎದ್ದದ್ದು ಕಲೆ ಇದ್ದ ಮೂಲೆಯಲ್ಲಿ ಅಲ್ಲ. ಮುಂದಿನ ಹಣೆಯ ಮೇಲೆ, ಸಣ್ಣ ಲೈಟಿನ ವಯರ್ ಒಳಗೆ ಹೋಗುವ ತೂತಿನಲ್ಲಿ. ಅಕ್ಕಿ ಕಾಳಿನಷ್ಟು ಜಾಗ. ಅಲ್ಲಿ ಒಂದರ ಹಿಂದೆ ಒಂದು ಗುಳ್ಳೆ ಬರುತ್ತಲೇ ಇತ್ತು. ಗಾಡಿ ಓಡುವಾಗ ಎದುರಿನ ಗಾಳಿ ಮಳೆನೀರನ್ನು ಒತ್ತಿ ಒಳಗೆ ತಳ್ಳುತ್ತಿದ್ದದ್ದು ಅದರಿಂದಲೇ. ಒಳಗಿನ ಪ್ಲೈವುಡ್ ಬಿಚ್ಚಿದರೆ, ಆ ತೂತಿನಿಂದ ಎಡಮೂಲೆಯವರೆಗೂ ರೀಪಿನ ಮೇಲೆ ಕಪ್ಪು ಗೆರೆ. ಕೆಳಗಿನ ರೀಪು ಬೆರಳಲ್ಲಿ ಒತ್ತಿದರೆ ಒದ್ದೆ ಅವಲಕ್ಕಿಯ ಹಾಗೆ ಕೈಗೆ ಬರುತ್ತಿತ್ತು.

ಕುಂಬಾದ ಮರವನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು. ಗಟ್ಟಿ ಮರ ಸಿಕ್ಕಿದ ಮೇಲೂ ಒಂದು ಗೇಣು ಮುಂದೆ ಹೋಗಿ. ಫ್ಯಾನ್ ಹಾಕಿ ಒಣಗಿಸಿ, ಅವಸರ ಬೇಡ. ಹೊಸ ಪ್ಲೈವುಡ್ ತರುವುದಾದರೆ ಐಎಸ್ 710 ಮುದ್ರೆ ಇರುವ ಮರೀನ್ ಗ್ರೇಡ್ ತನ್ನಿ. ಕತ್ತರಿಸಿದ ಅಂಚಿಗೆಲ್ಲ ಎಪಾಕ್ಸಿ ಕುಡಿಸಿ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ.

ಹಳೆಯ ಸಿಲಿಕೋನನ್ನು ಪೂರ್ತಿ ಕೆರೆದು ತೆಗೆಯದೆ ಹೊಸದು ಹಚ್ಚಬೇಡಿ. ಸಿಲಿಕೋನ್ ಮೇಲೆ ಬಣ್ಣವೂ ಕೂರುವುದಿಲ್ಲ, ಬೇರೆ ಸೀಲೆಂಟೂ ಕೂರುವುದಿಲ್ಲ. ಹುಳಿ ವಾಸನೆ ಬರುವ ಸಿಲಿಕೋನ್ ಲೋಹವನ್ನು ತಿನ್ನುತ್ತದೆ ಕೂಡ. ಕಿಟಕಿ, ವೆಂಟ್ ಚೌಕಟ್ಟಿನ ಅಡಿಗೆ ರಬ್ಬರಿನ ಹಾಗೆ ಅಂಟುವ ಬ್ಯುಟೈಲ್ ಟೇಪ್, ಅಂಚಿಗೆ ಪಿಯು ಸೀಲೆಂಟ್. ಇದೇ ಸರಿಯಾದದ್ದು.

ಸುರತ್ಕಲ್_ಸವಾರ

ಟೀಚರ್, ಬ್ಲೋವರ್ ಐಡಿಯಾ ಬಹಳ ಒಳ್ಳೇದು. ಕರೆಂಟಿನ ಬಗ್ಗೆಯೂ ಸ್ವಲ್ಪ ಹೇಳಿ. ಎಷ್ಟು ಬ್ಯಾಟರಿ ಬೇಕು?

ಕದ್ರಿ_ಟೀಚರ್

ಮೊದಲು ಖರ್ಚು ಬರೆಯಿರಿ. 25 ವ್ಯಾಟಿನ 12 ವೋಲ್ಟ್ ಫ್ಯಾನ್ ರಾತ್ರಿ 8 ಗಂಟೆ ಓಡಿದರೆ 200 ವ್ಯಾಟ್ ಅವರ್. ಸಣ್ಣ 12 ವೋಲ್ಟ್ ಫ್ರಿಜ್ ಇದ್ದರೆ ದಿನಕ್ಕೆ ಸುಮಾರು 500. ಲೈಟ್, ಮೊಬೈಲ್ 100. ಒಟ್ಟು 800. 100 ಆಂಪಿಯರ್ ಅವರಿನ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ಇರುತ್ತದೆ, ತೂಕ ಹನ್ನೆರಡು ಕೆಜಿ ಆಸುಪಾಸು. ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಐವತ್ತು ಕೆಜಿ ಮೇಲೆ ತೂಗುತ್ತದೆ, ಅದು ಬೇಡ.

ಸೋಲಾರ್ ಒಂದನ್ನೇ ನಂಬಿಕೊಳ್ಳಬೇಡಿ. ಜನವರಿಯಲ್ಲಿ 200 ವ್ಯಾಟ್ ಪ್ಯಾನೆಲ್ ಇಷ್ಟಕ್ಕೆ ಸಾಕಾಗಬಹುದು. ಜುಲೈ ಮೋಡದಲ್ಲಿ ಅಷ್ಟು ಸಿಗುವುದಿಲ್ಲ. ಆದ್ದರಿಂದ ಗಾಡಿ ಓಡುವಾಗ ಚಾರ್ಜ್ ಆಗಬೇಕು. ಅದಕ್ಕೆ ನಡುವೆ ವೋಲ್ಟೇಜ್ ಸರಿಮಾಡಿ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿ, ನೇರ ವಯರ್ ಎಳೆಯಬೇಡಿ. ಈಗಿನ ಕೆಲವು ಗಾಡಿಗಳ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಡೈನಮೊ) ವೋಲ್ಟೇಜನ್ನು ಏರಿಸಿ ಇಳಿಸುತ್ತಾ ಇರುತ್ತದೆ, ಲಿಥಿಯಂಗೆ ಅದು ಹಿಡಿಸುವುದಿಲ್ಲ. 20 ಆಂಪಿಯರಿನದ್ದಾದರೆ ಮೂರು ಗಂಟೆ ಓಡಿದರೆ ಒಂದು ದಿನದ ಖರ್ಚು ಹೆಚ್ಚುಕಡಿಮೆ ತುಂಬುತ್ತದೆ. ವಕೀಲರು ಹೇಳಿದ್ದು ನೆನಪಿರಲಿ, ಗಾಡಿಯ ವಯರ್ ಕತ್ತರಿಸದೆ ಬ್ಯಾಟರಿ ಟರ್ಮಿನಲ್‌ನಿಂದಲೇ ಬೇರೆ ಲೈನ್ ತೆಗೆಯಿರಿ. ಎರಡೂ ಬ್ಯಾಟರಿಯ ಹತ್ತಿರ, ಒಂದು ಗೇಣಿನ ಒಳಗೆ, ಫ್ಯೂಸ್ ಇರಲೇಬೇಕು. ವಯರ್ ತವರ ಲೇಪಿಸಿದ ತಾಮ್ರದ್ದು ತನ್ನಿ. ಸಾದಾ ತಾಮ್ರ ಉಪ್ಪುಗಾಳಿಗೆ ಒಳಗೊಳಗೇ ಹಸಿರಾಗುತ್ತದೆ.

ಸೆಕೆಯ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ನಮ್ಮಲ್ಲಿ ನಿದ್ದೆ ಕೆಡಿಸುವುದು ಅದೇ. ಅಮೆರಿಕದವರು ಚಳಿ ತಡೆಯಲು ಕಟ್ಟುತ್ತಾರೆ, ನಾವು ಗಾಳಿ ಆಡಲು ಕಟ್ಟಬೇಕು. ಎದುರುಬದುರು ಕಿಟಕಿ, ಮಾಡಿನಲ್ಲಿ ಒಂದು ವೆಂಟ್, ಎಲ್ಲದಕ್ಕೂ ಸೊಳ್ಳೆ ಪರದೆ. ಮಾಡಿಗೆ ಬಿಳಿ ಬಣ್ಣ. ಸೋಲಾರ್ ಪ್ಯಾನೆಲನ್ನು ಮಾಡಿಗೆ ಅಂಟಿಸದೆ ಎರಡು ಇಂಚು ಎತ್ತರಿಸಿ ಇಡಿ. ಅಡಿಯಲ್ಲಿ ಗಾಳಿ ಆಡಿದರೆ ಪ್ಯಾನೆಲೂ ತಣ್ಣಗೆ, ಮಾಡಿಗೂ ನೆರಳು.

ಬೈಕಂಪಾಡಿ_ಬಾಡಿ

ಗ್ಯಾಸ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 5 ಕೆಜಿಯ ಸಣ್ಣ ಸಿಲಿಂಡರ್ ಸಾಕು. ಅದಕ್ಕೆ ಹೊರಗಿಂದ ಮಾತ್ರ ಬಾಗಿಲಿರುವ ಬೇರೆ ಗೂಡು ಮಾಡಿ, ಗೂಡಿನ ನೆಲದಲ್ಲಿ ಹೊರಕ್ಕೆ ತೂತು ಬಿಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಮೇಲೆ ವೆಂಟ್ ಇದ್ದರೆ ಪ್ರಯೋಜನ ಇಲ್ಲ.

ಕ್ಯಾಂಪರಿನ ಒಟ್ಟು ಎತ್ತರವನ್ನು ಅಳೆದು ಡ್ಯಾಶ್‌ಬೋರ್ಡಿನಲ್ಲಿ ಬರೆದು ಅಂಟಿಸಿ. ರೈಲ್ವೆ ಅಂಡರ್‌ಪಾಸಿನ ಬೋರ್ಡ್ ಕಂಡಾಗ ಅಂದಾಜು ಮಾಡುತ್ತಾ ಕೂರುವುದು ಬೇಡ.

ಕಾಪು_ಪಿಕಪ್

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಬಹಳ ಉಪಕಾರ. ಮರದ ಫ್ರೇಮಿನ ಯೋಚನೆ ಬಿಟ್ಟೆ. ಫೈಬರ್ ಪೆಟ್ಟಿಗೆ, ಮೂಗು ಇಲ್ಲ, ಮಾಡಿಗೆ ಸ್ವಲ್ಪ ಇಳಿಜಾರು. ಆರ್‌ಟಿಒಗೆ ಕೊಡಲು ಚಿತ್ರ ಬರೆಯುತ್ತಾ ಇದ್ದೇನೆ. ಇಳಿಸಿ ನಿಲ್ಲಿಸಲು ಸೆಂಟ್ರಿಂಗ್‌ನವರ ಜಾಕಿ ನಾಲ್ಕು ಸಾಕಾ? ಮತ್ತೆ, ಮಲ್ಪೆ ಅಣ್ಣ, ಜೂನ್, ಜುಲೈಯಲ್ಲಿ ಬೋಟುಗಳೆಲ್ಲ ದಡದಲ್ಲಿ ಇರುತ್ತವಲ್ಲ, ಆಗ ನಿಮಗೆ ಬಿಡುವು ಇರುತ್ತದಾ?

ಬೈಕಂಪಾಡಿ_ಬಾಡಿ

ನಾಲ್ಕು ಸಾಕು. ಆದರೆ ಒಂದಕ್ಕೊಂದು ಅಡ್ಡಪಟ್ಟಿ ಕಟ್ಟಿ, ಇಲ್ಲದಿದ್ದರೆ ಬದಿಗೆ ವಾಲುತ್ತದೆ. ಜಾಕಿಯ ಮೇಲೆ ಇರುವಾಗ ಯಾರೂ ಅಡಿಗೆ ಹೋಗಬಾರದು, ಒಳಗೂ ಹತ್ತಬಾರದು.

ಮಲ್ಪೆ_ಫೈಬರ್

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆದ್ದರಿಂದ ರಿಪೇರಿ ಎಲ್ಲ ಆಗಲೇ, ನಮಗೆ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಅದೂ ಅಲ್ಲದೆ ಆ ಹವೆಯಲ್ಲಿ ಹೊಸ ಪೆಟ್ಟಿಗೆ ಹಾಕಬಾರದು. ಮ್ಯಾಟ್ ತೇವ ಎಳೆದುಕೊಂಡರೆ ರೆಸಿನ್ ಸರಿಯಾಗಿ ಹೀರುವುದಿಲ್ಲ, ಪದರಗಳ ನಡುವೆ ಹಿಡಿತ ಬರುವುದಿಲ್ಲ. ದೀಪಾವಳಿ ಕಳೆದ ಮೇಲೆ ಶುರು ಮಾಡುವ. ಹೊರಗಿನ ಕೆಲಸ ಎಲ್ಲ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಒಳಗೆ ಮುಗಿದಿರಬೇಕು. ಮೊದಲ ಮಳೆಗೆ ಟೀಚರ್ ಹೇಳಿದ ಸೋಪಿನ ಪರೀಕ್ಷೆ ಮುಗಿಸಿಯೇ ಗಾಡಿ ಹೊರಗೆ ಬರಲಿ.

ಬರುವಾಗ ಅಳತೆ ತನ್ನಿ. ಬೆಡ್ ಉದ್ದ, ಅಗಲವನ್ನು ಮುಂದೆ, ನಡುವೆ, ಹಿಂದೆ ಮೂರು ಕಡೆ ಅಳೆಯಿರಿ. ತೆಂಗಿನಕಾಯಿ ಹೊತ್ತ ಬಾಡಿ ಉಬ್ಬಿರುತ್ತದೆ, ಮೂರೂ ಒಂದೇ ಇರುವುದಿಲ್ಲ. ಕಡಿಮೆ ಇರುವ ಅಳತೆಯಿಂದ ಎರಡೂ ಬದಿಗೆ ಒಂದೊಂದು ಇಂಚು ಬಿಟ್ಟು ಅಚ್ಚು ಮಾಡುವ.